ಒಳಕಿವಿಯ ಪೊರೆ ಹರಿಯದಂತೆ ಕೊರೆಯುವುದು: ಒಂದು ಕೈಡ್ರಿಲ್ಲಿನ ವಿನ್ಯಾಸದ ಕುರಿತು

ಕಿವಿಯ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿಗೆ ಸಿಕ್ಕ ನೆರವು ಕೈಗೆ ಬಹುಕಾಲ ಸಿಗಲಿಲ್ಲ. ಸ್ವೀಡನ್ನಿನ ಕಾರ್ಲ್ ನೈಲೆನ್ 1921ರಲ್ಲೇ ಸೂಕ್ಷ್ಮದರ್ಶಕದಡಿ ಕಿವಿಗೆ ಶಸ್ತ್ರಚಿಕಿತ್ಸೆ ಮಾಡಿದ್ದರು. 1956ರಲ್ಲಿ ಅಮೆರಿಕದ ಜಾನ್ ಶಿಯಾ ನಡುಕಿವಿಯ ರಿಕಾಪು ಮೂಳೆಯನ್ನು (ಸ್ಟೇಪಿಸ್) ತೆಗೆದು ಟೆಫ್ಲಾನ್ ಬದಲಿಯನ್ನು ಕೂರಿಸಿದರು. ಆ ಮೂಳೆಯ ಪಾದ ಸುಮಾರು 3 ಮಿ.ಮೀ. ಉದ್ದವಷ್ಟೆ. ಇಂದು ಅದರಲ್ಲಿ ಕೊರೆಯುವ ರಂಧ್ರ ಒಂದು ಮಿಲಿಮೀಟರಿಗೂ ಕಡಿಮೆ. ಕೊರೆಯುವ ಕೈಗಾದರೋ ಸೆಕೆಂಡಿಗೆ 8ರಿಂದ 12 ಬಾರಿಯ ಸಹಜ ನಡುಕವಿದೆ.

ಹಾಗೆಂದು ನಡುಕವನ್ನು ತಗ್ಗಿಸಿದರೆ ನಿಖರತೆ ಬಂದೀತೆಂದು ಭಾವಿಸುವುದು ಸರಿಯಲ್ಲ. ಡ್ರಿಲ್ಲಿನ ಮೊನೆ ಎಲ್ಲಿದೆ ಎಂಬುದು ಒಂದು ಪ್ರಶ್ನೆ, ಅದು ಯಾವುದನ್ನು ಮುಟ್ಟುತ್ತಿದೆ ಎಂಬುದು ಇನ್ನೊಂದು. ಸ್ಕ್ಯಾನ್ ಚಿತ್ರವನ್ನು ಆಧರಿಸಿ ಚಲಿಸುವ ರೋಬಾಟುಗಳು ಮೊದಲನೆಯದಕ್ಕೆ ಉತ್ತರಿಸುತ್ತವೆ. ಇಂಗ್ಲೆಂಡಿನ ಎಂಜಿನಿಯರ್ ಪೀಟರ್ ಬ್ರೆಟ್ ಮತ್ತು ಬರ್ಮಿಂಗ್‌ಹ್ಯಾಮಿನ ಕಿವಿತಜ್ಞರು ಕೂಡಿ ರೂಪಿಸಿದ ಡ್ರಿಲ್ ಎರಡನೆಯದನ್ನು ಕೈಗೆತ್ತಿಕೊಂಡಿತು. ಒಳಕಿವಿಯ ಮಟ್ಟಿಗೆ ಇದೇ ಹೆಚ್ಚು ಮುಖ್ಯವಾದ ಪ್ರಶ್ನೆ ಎಂಬುದು ನನ್ನ ನಿಲುವು.

ಕೇಳಿಸುವಂತೆ ಮಾಡಲು ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟಿನ ಎಲೆಕ್ಟ್ರೋಡನ್ನು ಒಳಕ್ಕೆ ಬಿಡಲು ಒಳಕಿವಿಯ ಸುರುಳಿ ಭಾಗವಾದ ಕಾಕ್ಲಿಯಾದ ಮೂಳೆಯಲ್ಲಿ ದಾರಿ ಮಾಡಬೇಕು. ಮೂಳೆಯ ಒಳಮೈಗೆ ತೆಳುವಾದ ಪೊರೆಯಿದೆ, ಅದರಾಚೆ ದ್ರವ. ಡ್ರಿಲ್ ಪೊರೆಯನ್ನೂ ಹರಿದು ನುಗ್ಗಿದರೆ ಮೂಳೆಪುಡಿ ದ್ರವಕ್ಕೆ ಬೀಳುತ್ತದೆ, ಡ್ರಿಲ್ಲಿನ ತಿರುಗುವ ಮೊನೆ ದ್ರವವನ್ನೇ ಕದಡುತ್ತದೆ. ರೋಗಿಯಲ್ಲಿ ಉಳಿದಿದ್ದ ಅಲ್ಪ ಶ್ರವಣಶಕ್ತಿಗೂ ಇದರಿಂದ ಅಪಾಯ. ಮೂಳೆಯನ್ನಷ್ಟೇ ಕೊರೆದು ಪೊರೆಯ ಮೇಲೆ ನಿಲ್ಲಬೇಕು. ಪೊರೆಯನ್ನು ಆಮೇಲೆ ವೈದ್ಯರು ಸೂಕ್ಷ್ಮವಾಗಿ ಬಿಡಿಸುತ್ತಾರೆ.

ಆದರೆ ಮೂಳೆಯ ದಪ್ಪ ಎಲ್ಲರಲ್ಲೂ ಒಂದೇ ಅಲ್ಲ, ಆದ್ದರಿಂದ ಇಷ್ಟೇ ಆಳಕ್ಕೆ ಕೊರೆ ಎಂದು ಮೊದಲೇ ಗೊತ್ತುಮಾಡುವಂತಿಲ್ಲ. ಈ ಡ್ರಿಲ್ ಮೊನೆಯ ಮೇಲಿನ ಒತ್ತಡವನ್ನೂ ತಿರುಚುಬಲವನ್ನೂ ಒಟ್ಟಿಗೆ ಅಳೆಯುತ್ತದೆ. ಮೂಳೆ ತೆಳುವಾಗುತ್ತ ಬಾಗತೊಡಗಿ, ಮೊನೆ ಆಚೆ ಬದಿಯನ್ನು ಸಮೀಪಿಸಿದಾಗ ಒತ್ತಡ ಇಳಿಯುತ್ತದೆ, ತಿರುಚುಬಲ ಏರುತ್ತದೆ. ಒತ್ತಡವೊಂದನ್ನೇ ನಂಬಿದ್ದರೆ ವೈದ್ಯರು ಕೈ ತುಸು ಸಡಿಲಿಸಿದ್ದೂ ಮೂಳೆ ಮುಗಿದ ಹಾಗೆ ಕಾಣುತ್ತಿತ್ತು. ಎರಡೂ ವಿರುದ್ಧ ದಿಕ್ಕಿಗೆ ಸರಿದಾಗ ಮಾತ್ರ ಅದನ್ನು ಮೂಳೆಯ ಕೊನೆಯೆಂದು ಓದಬಹುದು. ಆಗ ಯಂತ್ರ ಕೊರೆತವನ್ನು ತಾನಾಗಿ ನಿಲ್ಲಿಸುತ್ತದೆ. ಕೈಹಿಡಿತದ ರೂಪ ಸಾಧ್ಯವಾದದ್ದು ಈ ಜೋಡಿ ಓದಿನಿಂದ: ಹಿಡಿದ ಕೈಯೂ ರೋಗಿಯ ತಲೆಯೂ ಕೊಂಚ ಅಲುಗಿದರೂ ಅಂಗಾಂಶದ ಗುರುತು ಅಳಿಸಿಹೋಗದು. ಯಾವ ದಿಕ್ಕಿನಿಂದ ಕೊರೆಯಬೇಕೆಂಬ ತೀರ್ಮಾನ ವೈದ್ಯರದೇ ಆಗಿ ಉಳಿಯುತ್ತದೆ. ಈ ಹಂಚಿಕೆ ನನಗೆ ಬಹಳ ಸರಿಯೆನಿಸುತ್ತದೆ.

2008ರಲ್ಲಿ ಪ್ರಕಟವಾದ ಈ ಡ್ರಿಲ್ಲಿನ ಆರಂಭಿಕ ಪ್ರಯೋಗ ನಡೆದದ್ದು ಹಂದಿಯ ಕಾಕ್ಲಿಯಾದ ಮೇಲೆ. ಆಗ ಡ್ರಿಲ್ ಆಧಾರದ ತೋಳಿನ ಮೇಲಿತ್ತು. ಕೈಯಿಂದ ನಡೆಸುವ ರೂಪ ಬಂದದ್ದು ನಂತರ. ಪೊರೆ ಉಳಿಯಿತೆಂಬುದು ಯಂತ್ರದ ಯಶಸ್ಸು, ಶ್ರವಣ ಉಳಿಯಿತೆಂಬುದಕ್ಕೆ ಅದು ಸಾಕ್ಷಿಯಲ್ಲ. ಇನ್ನೊಂದು ಅಂಶವನ್ನೂ ಗಮನಿಸಬೇಕು. ಈಗ ಅನೇಕ ವೈದ್ಯರು ಮೂಳೆ ಕೊರೆಯುವ ಬದಲು ಕಾಕ್ಲಿಯಾದ ಸಹಜ ತೆರಪಾದ ದುಂಡು ಕಿಟಕಿಯ ಪೊರೆಯ ಮೂಲಕವೇ ಎಲೆಕ್ಟ್ರೋಡ್ ಸೇರಿಸುತ್ತಾರೆ. ಆಗಲೂ ಕಿಟಕಿಯ ಮೇಲೆ ಚಾಚಿದ ಮೂಳೆಯಂಚನ್ನು ಸವೆಸಬೇಕಾಗುವುದುಂಟು. ಅಲ್ಲಿಗೂ ಈ ತತ್ವ ಒದಗೀತೇ ಎಂದು ಪರೀಕ್ಷಿಸುವುದು ತಕ್ಕ ಮುಂದಿನ ಹೆಜ್ಜೆ. ಅಂಥ ಪರೀಕ್ಷೆ ನಡೆಸುವವರು ರಂಧ್ರದ ಅಳತೆಯ ಜೊತೆಗೆ ಶಸ್ತ್ರಚಿಕಿತ್ಸೆಯ ಹಿಂದುಮುಂದಿನ ಶ್ರವಣಮಾಪನವನ್ನೂ ಪ್ರಕಟಿಸಬೇಕು.