ಸ್ಪ್ಯಾಮ್ ನಮ್ಮನ್ನ ಏನಂತ ತಿಳ್ಕೊಂಡೈತಿ? (ಭಾಗ 3)

19ನೇ ಶತಮಾನದಾಗ ಟಪಾಲಿನಾಗ 'ಸ್ಪ್ಯಾನಿಶ್ ಕೈದಿ' ಪತ್ರ ಬರತಿದ್ವು: ಜೈಲಿನಾಗಿರೋ ಶ್ರೀಮಂತನ್ನ ಬಿಡಿಸಾಕ ರೊಕ್ಕ ಕೊಡ್ರಿ, ಆಮ್ಯಾಲ ಪಾಲು ಕೊಡತೀವಿ. ಓದೋರಿಗೆ ಆಸೆ ಇರತೈತಿ ಅನ್ನೋದು ಲೆಕ್ಕ.

1978ರ ಮೇ 3ಕ್ಕ ಗ್ಯಾರಿ ಥುರ್ಕ್ ಅರ್ಪಾನೆಟ್‌ನ ಸುಮಾರು 400 ಮಂದಿಗೆ ಕಂಪ್ಯೂಟರ್ ಜಾಹೀರಾತು ಕಳಿಸಿದ. ಮೊದಲ ಸ್ಪ್ಯಾಮ್ ಅಂತಾರ ಅದಕ್ಕ.

2012ರಾಗ ಮೈಕ್ರೋಸಾಫ್ಟ್ ಸಂಶೋಧಕ ಕಾರ್ಮಾಕ್ ಹರ್ಲಿ ವಾದಿಸಿದ: ಮೋಸಗಾರರು ಬೇಕಂತಲೇ ನಂಬಲಾರದ ಕಥಿ ಬರೀತಾರ. ಶಾಣ್ಯಾರು ನಕ್ಕು ಬಿಡಲಿ, ಪೂರ್ತಿ ನಂಬೋರಷ್ಟ ಉತ್ತರ ಕೊಡಲಿ ಅಂತ.

ಅಂದ್ರ ನಾವು ನಗೋ ಮೇಲ್ ನಮಗ ಬರೆದದ್ದಲ್ಲ!

2019ರಾಗ ಮಲಪ್ರಭಾ ಉಕ್ಕಿ ನಮ್ಮ ಹೊಳೆಆಲೂರಿಗೆ ನೀರು ನುಗ್ಗಿತ್ತು. ಪರಿಹಾರದ ಹಾದಿ ಕಾಯೋ ಅಜ್ಜಗ 'ನಿಮ್ಮ ಹಣ ಮಂಜೂರಾಗಿದೆ' ಅಂತ ಮೆಸೇಜ್ ಬಂದ್ರ? ಅಲ್ಲಿರೋದು ಆಸೆ ಅಲ್ಲ, ಅಗತ್ಯ.

ಇವತ್ತ ಮನ್ಯಾಗ ಹಿರಿಯರಿಗೆ ಹೇಳ್ರಿ: ರೊಕ್ಕ ಕೊಡೋಕಿಂತ ಮೊದಲ ರೊಕ್ಕ ಕೇಳಿದ್ರ, ಅದು ಮೋಸ.