ಗದಗ–ಹೊಟಗಿ ರೈಲುದಾರಿ

ಧಾತು–ಈಶ್ವರ ಸಂವತ್ಸರಗಳ (1876–78) ಘೋರ ಕ್ಷಾಮದಲ್ಲಿ ಬಿಜಾಪುರ ಸೀಮೆಯ ಜನರು ಮಡಿದುದು ಮಳೆಯ ಅಭಾವದಿಂದ ಮಾತ್ರವಲ್ಲ, ದಾರಿಯ ಅಭಾವದಿಂದಲೂ ಅಹುದು. ಧಾನ್ಯವನ್ನು ಹೊತ್ತು ತರಬೇಕಾದ ಎತ್ತುಗಳೇ ಮೇವು ನೀರಿಲ್ಲದೆ ಬಿದ್ದುಹೋದ ಮೇಲೆ, ದೂರದ ಪೇಟೆಯಲ್ಲಿ ಕಾಳಿದ್ದು ಫಲವೇನು? ಈ ಸಂಕಟವೇ ರೈಲುದಾರಿಗೆ ಕಾರಣವಾಯಿತು. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಗದಗದಿಂದ ಬಾದಾಮಿ, ಬಾಗಲಕೋಟೆ, ಬಿಜಾಪುರಗಳ ಮೇಲೆ ಹಾಯ್ದು ಸೊಲ್ಲಾಪುರದ ಬಳಿಯ ಹೊಟಗಿಯವರೆಗೆ ಮೀಟರ್ ಗೇಜ್ ಹಳಿಗಳನ್ನು ಹಾಸಿತು. 1884ರಲ್ಲಿ ಗಾಡಿ ಓಡತೊಡಗಿತು. ಆದರೆ ಹೊಟಗಿಯಿಂದಾಚೆಯ ಮುಂಬಯಿ ದಾರಿಯ ಹಳಿಗಳು ಹೆಚ್ಚು ಅಗಲವಾದವು. ಮೂಟೆಗಳನ್ನೆಲ್ಲ ಅಲ್ಲಿ ಇಳಿಸಿ ಮತ್ತೆ ಏರಿಸಬೇಕು. ಬರವನ್ನು ನೀಗಲೆಂದು ಹಾಸಿದ ದಾರಿಗೆ ಇದು ಸಣ್ಣ ಕೊರತೆಯಲ್ಲ. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಈ ದಾರಿಯೂ ಬ್ರಾಡ್ ಗೇಜ್ ಆಯಿತು. ಬಸವಣ್ಣನವರ ಜನ್ಮಸ್ಥಳಕ್ಕೆ ಹೋಗುವ ಭಕ್ತರು ಇದೇ ದಾರಿಯ ಬಸವನ ಬಾಗೇವಾಡಿ ರೋಡ್ ನಿಲ್ದಾಣದಲ್ಲಿ ಇಳಿಯುವರು.