ನೂಲು ತೆಗೆದವರು, ಸೀರೆ ಉಟ್ಟವರು

ಮದುವೆ ಮನೆಗಳಲ್ಲಿ ಒಂದು ಪರೀಕ್ಷೆ ಸದ್ದಿಲ್ಲದೆ ನಡೆಯುತ್ತಿರುತ್ತದೆ. ಎದುರಿಗಿದ್ದವಳ ಸೆರಗನ್ನು ಎರಡು ಬೆರಳ ನಡುವೆ ಹಿಡಿದು ಹೊಸಕಿ ನೋಡಿ, 'ಪ್ಯೂರ್ ಸಿಲ್ಕಾ?' ಎಂದು ಕೇಳುವ ಪರೀಕ್ಷೆ. ಉತ್ತರ ಹೌದೆಂದಾದರೆ ಮಾತು ಬೆಳೆಯುತ್ತದೆ. 'ಸೆಮಿ ಸಿಲ್ಕ್' ಎಂದಾದರೆ ಒಂದು ಸಣ್ಣ ನಗೆಯಲ್ಲಿ ಮುಗಿಯುತ್ತದೆ. ಬಟ್ಟೆ ಅಸಲಿಯೋ ನಕಲಿಯೋ ತಿಳಿಯಲು ಅಂಗಡಿಯವರು ಒಂದು ಎಳೆ ಕಿತ್ತು ಸುಡುತ್ತಾರೆ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ರೇಷ್ಮೆ, ಕರಗಿ ಗಟ್ಟಿ ಗುಂಡಾದರೆ ಪಾಲಿಯೆಸ್ಟರ್. ಈ ಪರೀಕ್ಷೆ ಬಟ್ಟೆಗೆ ಸರಿ. ನಾವು ಅದನ್ನು ಉಟ್ಟವರ ಮೇಲೂ ಮಾಡುತ್ತೇವೆ. ಗಂಡಸರೇನೂ ಹಿಂದೆ ಬಿದ್ದಿಲ್ಲ, ಅವರದು ಕಾರು ಮತ್ತು ಮೊಬೈಲಿನ ಪರೀಕ್ಷೆ.

ಸೆರಗಿನ ಆ ಎಳೆ ಎಲ್ಲಿಂದ ಬಂತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕಾಂಚೀಪುರಂ, ಧರ್ಮಾವರಂ ಎಂಬ ಹೆಸರು ಹೊತ್ತ ಎಷ್ಟೋ ಸೀರೆಗಳ ನೂಲು ಕರ್ನಾಟಕದ್ದು. ಅದರಲ್ಲಿ ದೊಡ್ಡ ಪಾಲು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹಿಪ್ಪುನೇರಳೆ ತೋಟಗಳಿಂದ ಮತ್ತು ಅಲ್ಲಿನ ಬಿಚ್ಚಾಣಿಕೆ ಮನೆಗಳಿಂದ ಹೊರಟದ್ದು.

ಈ ಸೀಮೆಗೆ ರೇಷ್ಮೆ ಬಂದದ್ದು ಒಬ್ಬ ಅರಸನ ಹಟದಿಂದ. ಟಿಪ್ಪು ಸುಲ್ತಾನನ ಪತ್ರಗಳನ್ನು ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ. ಅವುಗಳಲ್ಲಿ ಶ್ರೀರಂಗಪಟ್ಟಣದ ಅಧಿಕಾರಿಗೆ 1786ರಲ್ಲಿ ಬರೆದ ಒಂದು ಪತ್ರವಿದೆ. ರೇಷ್ಮೆ ಹುಳು ತರಲು ಬಂಗಾಳಕ್ಕೆ ಹೋದ ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಮರಳುತ್ತಿದ್ದಾರೆ, ಹುಳುಗಳನ್ನು ಇಡಲು ತಕ್ಕ ಜಾಗ ನೋಡಿ, ಅವು ಹೇಗೆ ಹೆಚ್ಚುತ್ತವೆಂದು ತಿಳಿದುಕೊಳ್ಳಿ ಎಂಬ ತಾಕೀತು ಅದರಲ್ಲಿದೆ. ಇಬ್ಬರ ಹೆಸರನ್ನೂ ಗಮನಿಸಿ. ನಮ್ಮ ನಾಡಿನ ರೇಷ್ಮೆಯ ಕಥೆ ಒಬ್ಬ ಮುಸ್ಲಿಮ್ ಮತ್ತು ಒಬ್ಬ ಹಿಂದೂ ಒಟ್ಟಿಗೆ ಮಾಡಿದ ಪಯಣದಿಂದ ಶುರುವಾಗುತ್ತದೆ.

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲಿ ಬಂದ. ಚನ್ನಪಟ್ಟಣದಲ್ಲಿ ತಂತಿವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ಎಳೆಯುತ್ತಿದ್ದರು, ಅದು ಭಾರತದ ದೂರದ ಊರುಗಳಿಗೂ ಹೋಗುತ್ತಿತ್ತು. ಅಚ್ಚ ಬಿಳಿಯ ನಯವಾದ ಸಕ್ಕರೆ ಮಾಡುವ ವಿದ್ಯೆ ಅಲ್ಲಿ ಒಂದೇ ಕುಟುಂಬದ ಕೈಯಲ್ಲಿತ್ತು. ಅವರು ಅದನ್ನು ಗುಟ್ಟಾಗಿ ಇಟ್ಟುಕೊಂಡಿದ್ದರು. ಸುತ್ತಲ ಜನರ ನಾಲಗೆಗೆ ಬೆಲ್ಲ, ಉಳ್ಳವರ ತಟ್ಟೆಗೆ ಬಿಳಿ ಸಕ್ಕರೆ. ಇಂದು ಅದೇ ಉಳ್ಳವರು ರಾಸಾಯನಿಕ ಸೇರದ ಕಪ್ಪು ಬೆಲ್ಲ ಹುಡುಕುತ್ತಾ ಹೆಚ್ಚಿನ ದುಡ್ಡು ಕೊಡುತ್ತಾರೆ, ಬಡವರ ಮನೆಗೆ ಅಂಗಡಿಯ ಬಿಳಿ ಸಕ್ಕರೆ ಬಂದಿದೆ. ರುಚಿ ನಾಲಗೆಯದ್ದು ಎಂದು ನಾವು ತಿಳಿದಿದ್ದೇವೆ. ಅದು ನಾಲಗೆಗಿಂತ ಹೆಚ್ಚಾಗಿ ಪಕ್ಕದ ಮನೆಯದ್ದು.

ರೇಷ್ಮೆಗೂ ಅಂತಸ್ತಿಗೂ ಇರುವ ನಂಟು ಹಳೆಯದು. ಚೀನಾದಲ್ಲಿ ಹಾನ್ ವಂಶದ ಮೊದಲ ಚಕ್ರವರ್ತಿ, ವ್ಯಾಪಾರಿಗಳು ಎಷ್ಟು ದುಡ್ಡು ಮಾಡಿದರೂ ರೇಷ್ಮೆ ಉಡಕೂಡದೆಂದು ಕಟ್ಟಳೆ ಮಾಡಿದ್ದ. ರೋಮಿನ ಸೆನೆಟ್ ಕ್ರಿ.ಶ. 16ರಲ್ಲಿ ಗಂಡಸರು ರೇಷ್ಮೆ ತೊಡುವುದನ್ನು ನಿಷೇಧಿಸಿತು. ಪ್ರವಾದಿ ಮುಹಮ್ಮದ್(ಸ) ಗಂಡಸರಿಗೆ ರೇಷ್ಮೆಯನ್ನೂ ಚಿನ್ನವನ್ನೂ ನಿಷೇಧಿಸಿ ಹೆಂಗಸರಿಗೆ ಅನುಮತಿಸಿದ್ದು ಬೇರೆ ಬಗೆಯದು. ಚೀನಾದ ಕಟ್ಟಳೆ ಕೆಳಗಿನವರನ್ನು ಮೇಲೇರದಂತೆ ತಡೆಯಿತು. ಇದು ಅರಸ, ಆಳು ಇಬ್ಬರಿಗೂ ಒಂದೇ. ಆದರೂ ನವಾಬರು, ಅಮೀರರು ದಾರಿ ಕಂಡುಕೊಂಡರು. ಹೊರಗೆ ರೇಷ್ಮೆ ಹೊಳೆಯುವ, ಮೈಗೆ ತಾಗುವ ಕಡೆ ಹತ್ತಿ ಇರುವ 'ಮಶ್ರೂ' ಎಂಬ ಬಟ್ಟೆ ಗುಜರಾತಿನಲ್ಲೂ ದಖ್ಖನಿನಲ್ಲೂ ನೇಯಲ್ಪಟ್ಟಿತು. ಮಶ್ರೂ ಎಂದರೆ ಅನುಮತಿ ಇರುವುದು ಎಂದರ್ಥ. ನಿಯಮವೂ ಉಳಿಯಿತು, ಮಿನುಗೂ ಉಳಿಯಿತು!

ಹಿಂದೂ ಸಮಾಜದಲ್ಲಿ ರೇಷ್ಮೆ ಮಡಿ ಬಟ್ಟೆಯಾಯಿತು. ಪೂಜೆಗೆ, ಧಾರೆಗೆ ಪಟ್ಟೆಯೇ ಬೇಕು. ಆ ನೂಲು ತೆಗೆಯುವುದಾದರೂ ಹೇಗೆ? ಒಳಗೆ ಹುಳು ಇರುವಾಗಲೇ ಗೂಡನ್ನು ಕುದಿನೀರಿಗೆ ಹಾಕಿ ಎಳೆ ಬಿಚ್ಚಬೇಕು. ಈ ಕೆಲಸಕ್ಕೆ ಹಿಂಜರಿದವರು ಬಹಳ. ರಾಮನಗರ, ಚನ್ನಪಟ್ಟಣಗಳಲ್ಲಿ ಬಿಚ್ಚಾಣಿಕೆ ಹೆಚ್ಚಾಗಿ ಮುಸ್ಲಿಮರ ಕಸುಬಾಯಿತು. ಹಿಪ್ಪುನೇರಳೆ ಬೆಳೆದು ಹುಳು ಸಾಕುವವರಲ್ಲಿ ಒಕ್ಕಲಿಗರೇ ಬಹುಮಂದಿ. ಒಬ್ಬರಿಲ್ಲದೆ ಇನ್ನೊಬ್ಬರ ಒಲೆ ಉರಿಯುವುದಿಲ್ಲ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರೈತ ತಂದ ಗೂಡನ್ನು ರೀಲರ್ ಅಂಗೈಯಲ್ಲಿ ಹಿಡಿದು, ಅಮುಕಿ, ಕಿವಿಯ ಬಳಿ ಅಲುಗಿಸಿ ಬೆಲೆ ಕಟ್ಟುತ್ತಾನೆ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಹಿಡಿಯುತ್ತದೆ ಎಂಬ 'ರೆಂಡಿಟ್ಟ' ಲೆಕ್ಕ ಅವನ ತಲೆಯಲ್ಲಿರುತ್ತದೆ. ಅಂದಾಜು ತಪ್ಪಿದರೆ ಆ ದಿನದ ಸಂಪಾದನೆ ಹೋಯಿತು.

ಬಿಚ್ಚಾಣಿಕೆಯ ಓಣಿಗಳಿಗೆ ಒಂದು ವಾಸನೆಯಿದೆ. ಬೆಂದ ಹುಳುವಿನ ವಾಸನೆ, ಬಟ್ಟೆಗೂ ಕೂದಲಿಗೂ ಹತ್ತಿಕೊಳ್ಳುವಂಥದ್ದು. ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡು ಅತ್ತ ಸರಿಯುವುದುಂಟು. ಅವರ ಪೆಟ್ಟಿಗೆಯಲ್ಲಿ ಅದೇ ನೂಲಿನ ಸೀರೆ ಕರ್ಪೂರದ ಗುಳಿಗೆಯ ನಡುವೆ ಮಡಿಚಿಟ್ಟಿರುತ್ತದೆ. ದಿನವಿಡೀ ಬಿಸಿನೀರಿನಲ್ಲಿ ಎಳೆ ಹುಡುಕಿ ಬೆರಳು ಬಿರಿದ ಹೆಂಗಸು ಹಬ್ಬಕ್ಕೆ ಉಡುವುದು ಬಹುಪಾಲು ಪಾಲಿಯೆಸ್ಟರ್. ಸೆರಗು ಹೊಸಕಿ ನೋಡುವ ಪರೀಕ್ಷೆಯಲ್ಲಿ ನಪಾಸಾಗುವವಳು ಅವಳೇ.

ಇದಕ್ಕಿಂತ ಕಹಿಯಾದದ್ದೂ ಇದೆ. ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ಹೊರತಂದ ವರದಿ, ಭಾರತದ ರೇಷ್ಮೆ ಉದ್ಯಮದಲ್ಲಿ ಮುಂಗಡ ಸಾಲಕ್ಕೆ ಜೀತವಿದ್ದ ಮಕ್ಕಳ ಪಾಡನ್ನು ದಾಖಲಿಸಿತು. ರಾಮನಗರದ ಹೆಸರು ಅದರಲ್ಲಿತ್ತು. ಜೀತ ನಿರ್ಮೂಲನೆಯ ಕಾನೂನು ಬಂದು ಆಗಲೇ 27 ವರ್ಷ ಕಳೆದಿತ್ತು. ಕೆಲಸಕ್ಕಿಟ್ಟವರಲ್ಲೂ ಇದ್ದವರಲ್ಲೂ ನಮ್ಮವರಿದ್ದರು ಎಂಬುದನ್ನು ಮುಚ್ಚಿಟ್ಟು ಬರೆಯುವುದು ಪ್ರಾಮಾಣಿಕತೆಯಲ್ಲ. ಆದರೆ ಕೊಳ್ಳುವವರ ಬೆರಳಿಗೆ ಸೀರೆಯ ನಯ ತಿಳಿಯಿತೇ ಹೊರತು ಇದು ತಿಳಿಯಲಿಲ್ಲ. 2004ರಲ್ಲಿ ಬಂದ 'ಸಿಲ್ಕ್ ಮಾರ್ಕ್' ಚೀಟಿ ನೂಲು ಶುದ್ಧ ಎಂದಷ್ಟೇ ಸಾರುತ್ತದೆ.

'ನಕಲಿ' ರೇಷ್ಮೆಯ ಇತಿಹಾಸವೂ ಸ್ವಾರಸ್ಯದ್ದು. 1912ರಲ್ಲಿ ಮೈಸೂರಿನಲ್ಲಿ ಸರಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆ ಆರಂಭವಾದಾಗ ಅದು ಮುಖ್ಯವಾಗಿ ಅರಮನೆಯ ಬೇಡಿಕೆಗಾಗಿ. 1930ರ ದಶಕದ ಹೊತ್ತಿಗೆ ಜಪಾನ್ ಮತ್ತು ಚೀನಾದ ಅಗ್ಗದ ರೇಷ್ಮೆ, ಜೊತೆಗೆ ರೇಯಾನ್ ಎಂಬ 'ಆರ್ಟ್ ಸಿಲ್ಕ್' ಮಾರುಕಟ್ಟೆ ತುಂಬಿದವು. ಮೈಸೂರಿನ ರೈತ ನಷ್ಟಕ್ಕೆ ಬಿದ್ದ. ಅದೇ ವೇಳೆಗೆ, ರೇಷ್ಮೆಯ ಕನಸಷ್ಟೇ ಕಂಡಿದ್ದ ಗುಮಾಸ್ತರ, ಮೇಷ್ಟರ ಮನೆಯ ಹೆಂಗಸರು ಮೊದಲ ಬಾರಿಗೆ ಹೊಳೆಯುವ ಸೀರೆ ಉಟ್ಟರು. ಎಲ್ಲರೂ ಹೊಳೆದಾಗ ಬೇರೆಯಾಗಿ ಕಾಣುವುದು ಹೇಗೆ? 'ಅಸಲಿಯಾ?' ಎಂಬ ಪ್ರಶ್ನೆಗೆ ಬಲ ಬಂದದ್ದು ಹೀಗೆ. ಅಗ್ಗದ ಸೀರೆ ರೈತನಿಗೆ ಹೊಡೆತ, ಉಟ್ಟವಳಿಗೆ ಸಂತೋಷ. ಎರಡೂ ನಿಜ, ಒಂದನ್ನು ಹಿಡಿದು ಇನ್ನೊಂದನ್ನು ಬಿಡಲಾಗದು.

ಚನ್ನಪಟ್ಟಣದ ಗೊಂಬೆಗಳ ಮೇಲೂ ಇದೇ ಆಟ ನಡೆಯಿತು. ಬವಾಸ್ ಮಿಯಾ ಅವರಂಥವರು ಬೆಳೆಸಿದ, ಆಲೆ ಮರವನ್ನು ಕಡೆದು ಅರಗಿನ ಬಣ್ಣ ಕೊಟ್ಟ ಆ ಆಟಿಕೆಗಳು ಜಾತ್ರೆಯ ಸಾಮಾನಾಗಿದ್ದವು. ಚೀನಾದ ಪ್ಲಾಸ್ಟಿಕ್ ಬಂದಾಗ ಪೇಟೆಯ ಮಕ್ಕಳಿಗೆ ಅವು ಹಳೆಯದಾದವು. ಪ್ಲಾಸ್ಟಿಕ್ ಬಡವರ ಗುಡಿಸಲಿಗೂ ತಲುಪಿದ ಮೇಲೆ ಉಳ್ಳವರು ಮರಕ್ಕೆ ಮರಳಿದರು. 2010ರಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಮಿಶೆಲ್ ಒಬಾಮ ದಿಲ್ಲಿಯಲ್ಲಿ ಚನ್ನಪಟ್ಟಣದ ಗೊಂಬೆ ಕೊಂಡದ್ದು ದೊಡ್ಡ ಸುದ್ದಿಯಾಯಿತು. ಗೊಂಬೆ ಅದೇ, ಅರಗೂ ಅದೇ. ಕೊಂಡ ಕೈ ಮಾತ್ರ ಬೇರೆ.

ಮರುವರ್ಷ, 2011ರ ಕೇಂದ್ರ ಬಜೆಟ್ಟಿನಲ್ಲಿ, ಕಚ್ಚಾ ರೇಷ್ಮೆಯ ಆಮದು ಸುಂಕ ಶೇ. 30ರಿಂದ ಶೇ. 5ಕ್ಕೆ ಇಳಿಯಿತು. ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದರು. ಮದುವೆ ಮನೆಗಳಲ್ಲಿ ಆ ವರ್ಷವೂ ಸೆರಗುಗಳ ಪರೀಕ್ಷೆ ನಡೆದೇ ಇತ್ತು. ಚೀನಾದ ನೂಲೋ ಕನಕಪುರದ್ದೋ ಬೆರಳಿಗೆ ತಿಳಿಯುವುದಿಲ್ಲ, ಸುಟ್ಟರೆ ಎರಡಕ್ಕೂ ಒಂದೇ ವಾಸನೆ.

ಈ ಊರಿಗೆ ಹೆಸರಿನ ವಿಷಯದಲ್ಲಿ ಅದೃಷ್ಟ ಕಡಿಮೆ. ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದ್, ಬ್ರಿಟಿಷರ ಕಾಲದಲ್ಲಿ ಬ್ಯಾರಿ ಕ್ಲೋಸ್‌ನ ಹೆಸರಿನ ಕ್ಲೋಸ್‌ಪೇಟೆ, ಸ್ವಾತಂತ್ರ್ಯದ ನಂತರ ರಾಮನಗರ. ನೂಲು ಇಲ್ಲಿಯದಾದರೂ ಸೀರೆಯ ಮೇಲೆ ಕೂತದ್ದು ಕಂಚಿಯ ಹೆಸರು, ಮೈಸೂರಿನ ಹೆಸರು. 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಸರಕಾರ ಆ ಜಿಲ್ಲೆಯನ್ನು 'ಬೆಂಗಳೂರು ದಕ್ಷಿಣ' ಎಂದು ಕರೆಯಿತು. ಬೆಂಗಳೂರಿನ ಹೆಸರಿದ್ದರೆ ಬಂಡವಾಳ ಬರುತ್ತದೆ, ಭೂಮಿಗೆ ಬೆಲೆ ಬರುತ್ತದೆ ಎಂಬುದು ಪರವಾದವರ ವಾದ. ಜಿಲ್ಲಾ ಕೇಂದ್ರದ ಹೆಸರು ರಾಮನಗರವೆಂದೇ ಉಳಿದಿದೆ, ಗೂಡಿನ ಮಾರುಕಟ್ಟೆಯ ಹೆಸರೂ ಹಾಗೆಯೇ.